ಮಡಿಯುಟ್ಟ ಲ್ಯಾಪ್‌ಟಾಪು

ಬ್ಯಾಂಕಿನಲ್ಲಿ ನನ್ನ ಕೊನೆಯ ಹನ್ನೊಂದು ವರ್ಷ ಕಳೆದದ್ದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ನಾನು ಯಾವ ಶಾಖೆಯ ಮೆಟ್ಟಿಲು ಹತ್ತಿದರೂ ಅಲ್ಲಿನ ಮ್ಯಾನೇಜರ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ನನಗೆ ಬರುತ್ತಿದ್ದದ್ದು ಒಂದೇ ಪ್ರಶ್ನೆ: "ದಾಖಲೆ ಎಲ್ಲಿ?" ಸಾಲಗಾರ ಎದುರಿಗೇ ನಿಂತು "ನಾನೇ ಸ್ವಾಮಿ, ಈ ಸಹಿ ನನ್ನದೇ" ಎಂದು ಗಂಗೆ ಮುಟ್ಟಿ ಹೇಳಿದರೂ ನನಗೆ ಕಾಗದ ಬೇಕು. ಎಷ್ಟು ಜನ ನನಗೆ ಎಷ್ಟು ಶಾಪ ಹಾಕಿದ್ದರೋ ಲೆಕ್ಕವಿಟ್ಟಿಲ್ಲ. ಅವೆಲ್ಲ ಒಟ್ಟಿಗೆ ಫಲಿಸಿದ್ದು 2019ರ ಮಳೆಗಾಲದಲ್ಲಿ, ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ, ನನ್ನದೇ ಲ್ಯಾಪ್‌ಟಾಪಿನ ರೂಪದಲ್ಲಿ.

ಅದನ್ನು ಕೊಂಡದ್ದು 2016ರಲ್ಲಿ. ವಿಂಡೋಸ್ 10 ಅಂಗಡಿಯಲ್ಲೇ ಹಾಕಿಕೊಂಡು ಬಂದಿತ್ತು. ಮೂರು ವರ್ಷದಲ್ಲಿ ಅದು ಎಷ್ಟು ನಿಧಾನವಾಯಿತೆಂದರೆ, ಸ್ವಿಚ್ ಒತ್ತಿ ಹೋಗಿ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚುಕ್ಕೆಗಳು ಇನ್ನೂ ಪ್ರದಕ್ಷಿಣೆ ಹಾಕುತ್ತಿರುತ್ತಿದ್ದವು. ನನ್ನವಳಿಗೆ ಅದರಿಂದೇನೂ ತೊಂದರೆಯಿರಲಿಲ್ಲ. ಅವಳು ಕೇಳಿದ್ದು ಒಂದೇ: "ರೀ, ಪರದೆ ಮೇಲೆ ಆ ನೀಲಿ ಕಿಟಕಿ ಬದಲು ಮೊಮ್ಮಗನ ಫೋಟೋ ಹಾಕಿಕೊಡಿ." ಎರಡು ನಿಮಿಷದ ಕೆಲಸ. ನಾನೆಂದೆ, "ಕೊಳೆ ಮನೆಗೆ ಯಾರಾದರೂ ತೋರಣ ಕಟ್ಟುತ್ತಾರಾ? ಮೊದಲು ಶುದ್ಧಿ, ಆಮೇಲೆ ಫೋಟೋ."

ಶುದ್ಧಿಯ ಐಡಿಯಾ ಎದುರುಮನೆಯ ಹುಡುಗನದು. ದೊಡ್ಡದೊಂದು ಕಂಪನಿಯಲ್ಲಿ ಕೆಲಸ. "ಅಂಕಲ್, ಕ್ಲೀನ್ ಇನ್‌ಸ್ಟಾಲ್ ಮಾಡಿಬಿಡಿ, ಹೊಸದರ ಹಾಗೆ ಓಡತ್ತೆ" ಎಂದು ಒಂದು ಪೆನ್‌ಡ್ರೈವ್ ಕೊಟ್ಟ. ಕ್ಲೀನ್ ಇನ್‌ಸ್ಟಾಲ್ ಎಂಬ ಮಾತು ಕೇಳಿದ ಕೂಡಲೇ ನನಗೆ ನೆನಪಾದವರು ನಮ್ಮಜ್ಜಿ. ಅವರು ಮಡಿಯುಟ್ಟರೆಂದರೆ ಬೇರೆಯವರು ಸೇದಿದ ನೀರೂ ಆಗದು. ಮನೆಯಲ್ಲಿದ್ದವರೆಲ್ಲ ಗೋಡೆಗೆ ಅಂಟಿಕೊಂಡು ನಡೆಯಬೇಕು. ಆ ರಕ್ತ ನನ್ನಲ್ಲೂ ಹರಿಯುತ್ತಿದೆ. ಇನ್‌ಸ್ಟಾಲ್ ನಡುವೆ ಡಿಸ್ಕಿನ ಒಳಗಿನ ಭಾಗಗಳ ಪಟ್ಟಿ ಬಂತು. ಸಿ ಡ್ರೈವ್ ಗೊತ್ತು, ಡಿ ಡ್ರೈವ್ ಗೊತ್ತು. ಆದರೆ ನನಗೆ ಹೇಳದೆ ಕೇಳದೆ ಇನ್ನೂ ಮೂರು ನಾಲ್ಕು ಜನ ಬಾಡಿಗೆದಾರರು ಒಳಗೆ ಬಿಡಾರ ಹೂಡಿದ್ದರು. ಒಬ್ಬನ ಹೆಸರು 'ರಿಕವರಿ'. ಬ್ಯಾಂಕಿನವನಿಗೆ ರಿಕವರಿ ಎಂದರೆ ವಸೂಲಿ. ನನಗೆ ಯಾರ ಬಾಕಿಯೂ ಇಲ್ಲ ಎಂದು ಅವನನ್ನೂ ಸೇರಿಸಿ ಎಲ್ಲರನ್ನೂ ಡಿಲೀಟ್ ಮಾಡಿದೆ. ಯಂತ್ರವನ್ನು ಹುಟ್ಟಿದ ದಿನದ ಸ್ಥಿತಿಗೆ ಮರಳಿಸಲೆಂದು ತಯಾರಕರು ಇಟ್ಟ ಗಂಟು ಅದು ಎಂದು ತಿಳಿಯುವ ಹೊತ್ತಿಗೆ ಬಿಡಾರವೇ ಇರಲಿಲ್ಲ.

ಅದಕ್ಕೂ ಮೊದಲೇ ಯಾವ ವಿಂಡೋಸ್ ಬೇಕೆಂದು ಕೇಳಿತ್ತು. ಎಜುಕೇಶನ್, ಎಂಟರ್‌ಪ್ರೈಸ್, ಪ್ರೊ ಇವೆಲ್ಲ ಪಟ್ಟಿಯಲ್ಲಿದ್ದವು. ಓದು ಮುಗಿದಿದೆ, ಉದ್ಯಮ ಇಲ್ಲ. ಪ್ರೊ ಎಂದರೆ ಪ್ರೊಫೆಷನಲ್. ಇಷ್ಟು ವರ್ಷಕ್ಕೆ ಒಬ್ಬರಾದರೂ ನನ್ನನ್ನು ಗುರುತಿಸಿದರಲ್ಲ ಎಂದು ಎದೆಯುಬ್ಬಿಸಿ ಅದನ್ನೇ ಒತ್ತಿದ್ದೆ.

ಅರ್ಧ ಗಂಟೆಯಲ್ಲಿ ಹೊಳೆಯುವ ಪರದೆ ಬಂತು. ವೈಫೈ ಚಿಹ್ನೆ ಮಾತ್ರ ಬರಲಿಲ್ಲ. ಅದರ ಡ್ರೈವರ್ ಕೂಡ ಮಡಿಗೆ ಬಲಿಯಾಗಿತ್ತು. ನನ್ನವಳ ಫೋನನ್ನು ಕೇಬಲ್ಲಿಗೆ ಸಿಕ್ಕಿಸಿ, ಅವಳ ಡೇಟಾ ಕುಡಿಸಿ, ಹೇಗೋ ಇಂಟರ್ನೆಟ್ ತಂದೆ. ವೇಗ? ಚಿರತೆ. ಮೊಮ್ಮಗನ ಫೋಟೋ ಹಾಕೋಣವೆಂದು ಸೆಟ್ಟಿಂಗ್ಸ್ ತೆರೆದರೆ ಎಲ್ಲ ಬೂದಿ ಬಣ್ಣ. ಮೇಲೊಂದು ಸಾಲು: ನಿಮ್ಮ ಕಂಪ್ಯೂಟರನ್ನು ಸಿಂಗರಿಸುವ ಮೊದಲು ವಿಂಡೋಸನ್ನು ಆಕ್ಟಿವೇಟ್ ಮಾಡಿ. ಬಲಗಡೆ ಕೆಳಮೂಲೆಯಲ್ಲೂ ಅದೇ ಮಾತು, ತೆಳು ಅಕ್ಷರದಲ್ಲಿ, ಸೋರುವ ಗೋಡೆಯ ತೇವದ ಕಲೆಯಂತೆ ಮೂಡಿತ್ತು. ಏನನ್ನು ತೆರೆದರೂ ಅದರ ಮೇಲೆ ಹಾಜರು.

ಕಾರಣ ನೋಡೋಣವೆಂದು ಆಕ್ಟಿವೇಶನ್ ಪುಟಕ್ಕೆ ಹೋದೆ. ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸರ್ವರನ್ನು ಸಂಪರ್ಕಿಸಲಾಗುತ್ತಿಲ್ಲ, ಸಂಸ್ಥೆಯ ನೆಟ್‌ವರ್ಕಿಗೆ ಸೇರಿಕೊಂಡು ಪ್ರಯತ್ನಿಸಿ ಎಂಬ ಒಕ್ಕಣೆ. ಜೊತೆಗೆ ಸೊನ್ನೆ ಎಕ್ಸ್ 8007232 ಬಿ ಎಂಬ ಕೇಸ್ ನಂಬರ್. ನನಗಿದ್ದ ಒಂದೇ ಸಂಸ್ಥೆ ಹಿಂದಿನ ವರ್ಷ ಏಪ್ರಿಲ್ 30ರ ಸಂಜೆ ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಮನೆಗೆ ಕಳಿಸಿಯಾಗಿತ್ತು. ಈಗ ಯಾವ ಮುಖ ಹೊತ್ತು ಅಲ್ಲಿಗೆ ಸೇರಿಕೊಳ್ಳಲಿ?

ಆಮೇಲೆ ಗೊತ್ತಾದ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಪೆನ್‌ಡ್ರೈವಿನಲ್ಲಿದ್ದದ್ದು ದೊಡ್ಡ ಆಫೀಸುಗಳಿಗೆಂದೇ ಇರುವ ವಿಂಡೋಸು. ಅಲ್ಲಿ ಒಂದು ಸರ್ವರ್ ಇರುತ್ತದೆ. ಮಿಕ್ಕ ಕಂಪ್ಯೂಟರುಗಳೆಲ್ಲ 180 ದಿನದೊಳಗೆ ಒಮ್ಮೆಯಾದರೂ ಅದರೆದುರು ಹೋಗಿ ಮುಖ ತೋರಿಸಬೇಕು. ನಾವು ಪಿಂಚಣಿದಾರರು ನವೆಂಬರ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಹಿಡಿದು ಬ್ಯಾಂಕಿನ ಮುಂದೆ ನಿಲ್ಲುತ್ತೇವಲ್ಲ, ಹಾಗೆ. ನಮ್ಮ ಮನೆಯಲ್ಲಿ ಅಂಥ ಸರ್ವರ್ ಇಲ್ಲ. ತಿಂಡಿ ಬಡಿಸುವ ಸರ್ವರ್ ಇದ್ದರೆ ಅದೂ ನಾನೇ, ಭಾನುವಾರಗಳಲ್ಲಿ ಮಾತ್ರ.

ಆಗ ನನಗೆ ಇದೇನೂ ಗೊತ್ತಿರಲಿಲ್ಲ. ಕೆಳಗೆ 'ಪ್ರಾಡಕ್ಟ್ ಕೀ ಬದಲಿಸಿ' ಎಂದಿತ್ತು. ಕೊಂಡಾಗ ವಿಂಡೋಸ್ ಇತ್ತು ಎಂದ ಮೇಲೆ ಎಲ್ಲೋ ಒಂದು ಕೀ ಇರಲೇಬೇಕು. ದಾಖಲೆ ಹುಡುಕುವುದು ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡು ಹೊರಟೆ.

ಮೊದಲು ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ಹೊಟ್ಟೆಯ ಮೇಲೆ ಮಿರಮಿರ ಮಿಂಚುವ ಒಂದು ಚೀಟಿ, ಅಸಲಿ ಮಾಲು ಎಂಬ ಅರ್ಥದ್ದು. ಕೀಯ ಅಕ್ಷರ ಒಂದೂ ಇಲ್ಲ. ಅದರ ಪಕ್ಕದಲ್ಲಿದ್ದ ಸೀರಿಯಲ್ ನಂಬರನ್ನೇ ಹೊಡೆದೆ. 25 ಅಕ್ಷರ ಬೇಕು ಎಂದಿತು. ನನ್ನ ಮೊಬೈಲ್ ನಂಬರನ್ನು ಮುಂದೆ ಸೇರಿಸಿದರೆ ಸರಿಹೋಗುತ್ತದೋ ಎಂದು ಒಂದು ಕ್ಷಣ ಯೋಚಿಸಿದ್ದೂ ಉಂಟು. ಬಿಲ್ಲು ತೆಗೆದೆ. ವಾರಂಟಿ ಕಾರ್ಡು ತೆಗೆದೆ. ಅದು ಮುಗಿದದ್ದು ಯಾವಾಗಲೋ. ರಟ್ಟಿನ ಡಬ್ಬಿ ಎಲ್ಲಿ ಎಂದು ಕೇಳಿದಾಗ, ಅದರಲ್ಲಿ ಹೋದ ನವರಾತ್ರಿಯಿಂದ ದಸರಾ ಬೊಂಬೆಗಳಿವೆ ಎಂದು ತಿಳಿಯಿತು. ಪಟ್ಟದ ಗೊಂಬೆಗಳನ್ನು ಸೋಫಾದ ಮೇಲೆ ಮಲಗಿಸಿ ಡಬ್ಬಿಯನ್ನು ಆರೂ ಕಡೆಯಿಂದ ಓದಿದೆ.

ಆಗ ನೆನಪಾದದ್ದು ಅಟ್ಟದ ಮೇಲಿನ ಹಳೆಯ ಡೆಸ್ಕ್‌ಟಾಪು. 2006ರದು, ವಿಂಡೋಸ್ ಎಕ್ಸ್‌ಪಿ ಕಾಲದ್ದು. ಅದರ ಪಕ್ಕೆಯ ಮೇಲೆ ಐದೈದು ಅಕ್ಷರದ ಐದು ಗುಂಪಿನ ಚೀಟಿ ಇದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಆ ಮನೆಗೂ ನಾನೇ ಯಜಮಾನ, ಈ ಮನೆಗೂ ನಾನೇ. ಬೀಗದ ಕೈ ಯಾಕೆ ಬೇರೆಯಾಗಬೇಕು? ಏಣಿ ಹಾಕಿ ಹತ್ತಿದೆ. ಹದಿಮೂರು ವರ್ಷದ ಧೂಳು, ಜೇಡರ ಬಲೆ ಮತ್ತು ಒಂದು ಹಲ್ಲಿಯ ಜೊತೆಗೆ ಚೀಟಿ ಸಿಕ್ಕಿತು. ಅರ್ಧ ಮಾಸಿತ್ತು. ಭೂತಗನ್ನಡಿ ಹಿಡಿದು ಕೂತೆ. ಎರಡನೆಯ ಗುಂಪಿನ ಮೂರನೆಯದು ಸೊನ್ನೆಯೋ ಇಂಗ್ಲಿಷಿನ ಓನೋ? ಕೊನೆಯದು ಐದೋ ಎಸ್ಸೋ? ಒಂದು ಮಧ್ಯಾಹ್ನ ಪೂರ್ತಿ ನಾನೂ ನನ್ನವಳೂ ಈ ವಿಷಯದಲ್ಲಿ ಜಗಳವಾಡಿದೆವು. ನಾನು ಸೊನ್ನೆಯ ಪಕ್ಷ, ಅವಳು ಓ ಪಕ್ಷ. ಇಬ್ಬರೂ ಸೋತೆವು. ಓದುವಾಗ ಗೊಂದಲವಾಗಬಾರದೆಂದು ಕೀ ರಚಿಸಿದವರು ಸೊನ್ನೆ, ಒಂದು, ಐದು ಇವನ್ನೂ ಓ, ಐ, ಎಸ್ ಇವನ್ನೂ ಮೊದಲೇ ಕಿತ್ತುಹಾಕಿದ್ದರಂತೆ. ಇಂಗ್ಲಿಷಿನ ಸ್ವರಗಳು ಒಂದೂ ಇಲ್ಲ, ಹಾಗಾಗಿ ಆಕಸ್ಮಿಕವಾಗಿ ಕೆಟ್ಟ ಮಾತೂ ಮೂಡುವಂತಿಲ್ಲ. ಕೆಟ್ಟ ಮಾತುಗಳನ್ನು ಅವರು ಬಳಸುವವರ ಬಾಯಿಗೆ ಬಿಟ್ಟಿದ್ದರು. ಎಕ್ಸ್‌ಪಿಯ ಕೀ ವಿಂಡೋಸ್ 10ಕ್ಕೆ ನಡೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ದಿನ ಬೀದಿ ಕೊನೆಯ ರಿಪೇರಿ ಅಂಗಡಿಗೆ ಒಯ್ದೆ. "ಮುನ್ನೂರು ಕೊಡಿ ಸಾರ್, ಐದು ನಿಮಿಷದಲ್ಲಿ ಆಕ್ಟಿವೇಟ್ ಮಾಡಿಕೊಡ್ತೀನಿ" ಎಂದ ಹುಡುಗ. "ರಸೀತಿ ಕೊಡ್ತೀಯಾ?" ಎಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿ ನನಗೆ ಹಳೆಯ ಶಾಖಾ ಮ್ಯಾನೇಜರುಗಳೆಲ್ಲ ಸಾಲಾಗಿ ಕಂಡರು. ಲ್ಯಾಪ್‌ಟಾಪು ಮಡಚಿಕೊಂಡು ಬಂದೆ.

ಕೊನೆಗೆ, ಮಾನ ಬಿಟ್ಟು, ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ತಂಗಿಯ ಮಗನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವನು ಅಂದದ್ದು: "ಅಟ್ಟ ಯಾಕೆ ಹತ್ತಿದ್ರಿ ಮಾವ? ವಿಂಡೋಸ್ 8 ಬಂದ ಮೇಲೆ, ಅಂದರೆ 2012ರಿಂದ, ಕೀಯನ್ನು ಚೀಟಿ ಮೇಲೆ ಬರೆಯಲ್ಲ. ಕಂಪನಿಯವರು ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟಿರ್ತಾರೆ. ಡಿಸ್ಕ್ ಹತ್ತು ಸಲ ಒರೆಸಿದರೂ ಅದು ಹೋಗಲ್ಲ. ಅದಕ್ಕೂ ಬೋರ್ಡಿಗೂ ಬ್ರಹ್ಮಗಂಟು. ಇರಿ, ತೋರಿಸ್ತೀನಿ. ಸ್ಟಾರ್ಟ್‌ನಲ್ಲಿ ಸಿ ಎಂ ಡಿ ಅಂತ ಹೊಡೀರಿ. ಕಪ್ಪು ಪರದೆ ಬಂತಾ?"

"ಬಂತು."

"ಡಬ್ಲ್ಯೂ ಎಂ ಐ ಸಿ. ಸ್ಪೇಸ್. ಪಾತ್."

"ಸ್ಪೇಸ್ ಅಂತ ಹೊಡೆದೆ."

"ಅಯ್ಯೋ ಮಾವ, ಜಾಗ ಬಿಡಿ ಅಂದೆ. ಈಗ ಸಾಫ್ಟ್‌ವೇರ್ ಲೈಸೆನ್ಸಿಂಗ್ ಸರ್ವಿಸ್, ಮೂರೂ ಸೇರಿಸಿ."

"ಲೈಸೆನ್ಸಿಂಗ್‌ಗೆ ನಡುವೆ ಎಸ್ಸೋ ಸಿಯೋ? ನಮ್ಮ ಬ್ಯಾಂಕಲ್ಲಿ ಲೈಸೆನ್ಸಿಗೆ ಸಿ."

"ಎಸ್ ಮಾವ. ಸ್ಪೇಸ್... ಜಾಗ ಬಿಟ್ಟು ಗೆಟ್. ಮತ್ತೆ ಜಾಗ. ಆಮೇಲೆ ಓ ಎ ಮೂರು ಎಕ್ಸ್ ಒರಿಜಿನಲ್ ಪ್ರಾಡಕ್ಟ್ ಕೀ, ಎಲ್ಲ ಸೇರಿಸಿ."

"ಮೊದಲನೆಯದು ಸೊನ್ನೆಯೋ ಓನೋ?"

ಹಿಂದಿನಿಂದ ನನ್ನವಳು "ಓ!" ಎಂದಳು. ಈ ಸಲ ಅವಳೇ ಗೆದ್ದಳು.

ಏಳನೆಯ ಪ್ರಯತ್ನಕ್ಕೆ ಕಪ್ಪು ಪರದೆಯ ಮೇಲೆ ಬಿಳಿಯ 25 ಅಕ್ಷರಗಳು ಮೂಡಿದವು. ನಾನು ಕೈ ಮುಗಿದೆ. ನನ್ನವಳು ಕೈ ಮುಗಿಯಲಿಲ್ಲ. "ಅಂದರೆ ಇದು ನಾಲ್ಕು ದಿನವೂ ಇದರ ಹೊಟ್ಟೆಯಲ್ಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಿರಿ" ಎಂದು ಬೊಂಬೆಗಳನ್ನು ಡಬ್ಬಿಗೆ ತುಂಬತೊಡಗಿದಳು.

ಕೀ ಹೊಡೆದೆ. ನಡೆಯಲಿಲ್ಲ.

"ನೀವು ಯಾವ ವಿಂಡೋಸ್ ಹಾಕಿದ್ದೀರಿ?" ಎಂದ ಅಳಿಯ. "ಪ್ರೊ" ಎಂದೆ, ತುಸು ಗತ್ತಿನಿಂದಲೇ. ಆ ಕಡೆ ನಿಟ್ಟುಸಿರು ಕೇಳಿಸಿತು. ನನ್ನ ಯಂತ್ರದ ಜೊತೆ ಬಂದದ್ದು 'ಹೋಮ್ ಸಿಂಗಲ್ ಲ್ಯಾಂಗ್ವೇಜ್', ನಮ್ಮ ದೇಶದ ಮಾರುಕಟ್ಟೆಗೆ ಹೆಚ್ಚಾಗಿ ಬರುವ ಅಗ್ಗದ ತಳಿ. ಹೋಮ್‌ನಿಂದ ಪ್ರೊಗೆ ಬರೀ ಕೀ ಕೊಟ್ಟು ಬಡ್ತಿ ಪಡೆಯಬಹುದಂತೆ. ಪ್ರೊದಿಂದ ಹೋಮ್‌ಗೆ ಹಿಂಬಡ್ತಿಯ ಪದ್ಧತಿಯಿಲ್ಲ. ರಾಜೀನಾಮೆ ಕೊಟ್ಟು ಗುಮಾಸ್ತನಾಗಿ ಮತ್ತೆ ಸೇರಬೇಕು. ಮನೆಯಲ್ಲೇ ಇರುವ ಮನುಷ್ಯನ ಯಂತ್ರಕ್ಕೆ ಹೋಮ್ ಎಂದು ಸರಿಯಾಗಿಯೇ ಹೆಸರಿಟ್ಟಿದ್ದರು. ಪ್ರೊಫೆಷನಲ್ ಆಗಲು ಹೋದವನು ನಾನು. ಸಿಂಗಲ್ ಲ್ಯಾಂಗ್ವೇಜ್ ಎಂಬುದು ಮಾತ್ರ ನನಗೆ ಇವತ್ತಿಗೂ ಒಗಟು. ತರಕಾರಿಯವನ ಜೊತೆ ಕನ್ನಡ, ಮೇಲಿನ ಮನೆಯವರ ಜೊತೆ ತಮಿಳು, ಮೊಮ್ಮಗನ ಜೊತೆ ಇಂಗ್ಲಿಷು ಆಡುವ ಊರಿಗೆ ಒಂದೇ ಭಾಷೆಯ ಮೆನು ತೋರಿಸುವ ಯಂತ್ರ ಮಾರಬೇಕೆಂದು ಯಾರಿಗೆ ಹೊಳೆಯಿತೋ.

ಅಳಿಯ ಹೇಳಿದಂತೆ, ಅಧಿಕೃತ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು 8 ಜಿಬಿಯ ಹೊಸ ಪೆನ್‌ಡ್ರೈವ್ ತಯಾರಿಸಿದೆ. ಅಷ್ಟರಲ್ಲಿ ನನ್ನವಳ ಎರಡು ದಿನದ ಡೇಟಾ ಮುಗಿಯಿತು. ರಾತ್ರಿ ಹನ್ನೊಂದಕ್ಕೆ ಕೂತೆ. ಮತ್ತೆ ಬಾಡಿಗೆದಾರರ ಪಟ್ಟಿ, ಮತ್ತೆ ಎಲ್ಲರ ಉಚ್ಚಾಟನೆ. ಈ ಸಲ ಯಾವ ವಿಂಡೋಸ್ ಬೇಕು ಎಂದು ಅದು ಕೇಳಲಿಲ್ಲ. ಕೀ ಕೇಳಲಿಲ್ಲ. ಚಿಪ್ಪಿನಲ್ಲಿದ್ದುದನ್ನು ತಾನೇ ಓದಿಕೊಂಡು, ತನಗೆ ಬೇಕಾದ ಹೋಮನ್ನು ತಾನೇ ಬಡಿಸಿಕೊಂಡು, ಫೋನಿನ ಕೇಬಲ್ ಸಿಕ್ಕಿಸಿದ ಕೂಡಲೇ 'ಡಿಜಿಟಲ್ ಲೈಸೆನ್ಸಿನೊಂದಿಗೆ ಆಕ್ಟಿವೇಟ್ ಆಗಿದೆ' ಎಂದು ವರದಿ ಒಪ್ಪಿಸಿತು. ಹೊಳೆಯುವ ಪರದೆಯ ಮೂಲೆಯಲ್ಲಿ ತೇವದ ಕಲೆ ಇಲ್ಲ. ನನ್ನ ಸರ್ವೀಸಿನಲ್ಲಿ ಇಷ್ಟು ಶುದ್ಧವಾದ ಖಾತೆಯನ್ನು ನಾನು ಕಂಡಿರಲಿಲ್ಲ. ಬೆಳಗ್ಗೆ ಕಾಫಿ ತಂದವಳಿಗೆ ಕುರ್ಚಿ ಎಳೆದುಕೊಟ್ಟು, "ಈಗ ನೋಡು!" ಎಂದೆ.

ಅವಳು ನೋಡಿದಳು. ನೀಲಿ ಕಿಟಕಿ.

"ಮಗು ಎಲ್ಲಿ ರೀ?"

"ಯಾವ ಮಗು?"

"ನೀವು ಮೊನ್ನೆ ಅಟ್ಟದ ಮೇಲಿದ್ದಾಗ ಹಾಕಿದ್ದೆನಲ್ಲ, ನೀವು ನೋಡಲೇ ಇಲ್ಲವಾ? ಸೆಟ್ಟಿಂಗ್ಸ್ ಗಿಟ್ಟಿಂಗ್ಸ್ ಏನೂ ಬೇಡ. ಫೋಟೋ ಮೇಲೆ ಬಲಗಡೆ ಬಟನ್ ಒತ್ತಿ, ಡೆಸ್ಕ್‌ಟಾಪಿಗೆ ಹಾಕು ಅಂದರೆ ಹಾಕತ್ತೆ. ಆ ಬರಹ ಅವನ ಕಾಲ ಹತ್ತಿರ ಬಂದಿತ್ತು, ಅಷ್ಟೆ."

ನಾಲ್ಕು ದಿನ ನಾನು ನೋಡಿದ್ದು ಮೂಲೆಯ ಆ ಎರಡು ಸಾಲನ್ನು ಮಾತ್ರ. ಅವಳು ಕಾಫಿ ಲೋಟ ನನ್ನ ಕೈಗಿಟ್ಟಳು. ಅವಳ ಫೋನು ಕೇಬಲ್ಲಿನ ತುದಿಯಲ್ಲೇ ಇತ್ತು. ಮೌಸ್ ತನ್ನ ಕಡೆಗೆ ಎಳೆದುಕೊಂಡು, "ಸ್ವಲ್ಪ ಆ ಕಡೆ ಸರೀರಿ" ಎಂದಳು.