ಇಪ್ಪತ್ತೈದೂವರೆ ಸಂಶೋಧನೆಗಳ ಮಹಾಶಯರಿಗೆ

ಅಮೆರಿಕದ ನ್ಯೂರೋಸರ್ಜರಿ ರೆಸಿಡೆನ್ಸಿಗೆ ಹುಡುಗರನ್ನು ಆರಿಸುವ ನಿರ್ದೇಶಕ ಮಹಾಶಯರಿಗೆ ಸಾಷ್ಟಾಂಗ ನಮಸ್ಕಾರಗಳು.

ರೆಸಿಡೆನ್ಸಿ ಸೀಟು ಹಂಚುವ ‘ಮ್ಯಾಚ್’ ಪದ್ಧತಿಯ 2022ರ ಅಂಕಿಅಂಶ ಓದಿ ಧನ್ಯನಾದೆ. ನಿಮ್ಮಲ್ಲಿ ಸೀಟು ಗಿಟ್ಟಿಸಿದ ಅಲ್ಲಿನ ಎಂ.ಡಿ. (ನಮ್ಮ ಎಂಬಿಬಿಎಸ್ ಇದ್ದ ಹಾಗೆ) ವಿದ್ಯಾರ್ಥಿಗಳು ತೋರಿಸಿದ ಸಂಶೋಧನೆಗಳ ಸರಾಸರಿ 25.5! ನಾಲ್ಕು ವರ್ಷದ ಓದು, ವಾರ್ಡಿನ ಓಡಾಟ, ನಿದ್ದೆಗೆಟ್ಟ ರಾತ್ರಿಗಳ ನಡುವೆ ಇಷ್ಟೊಂದು ಜ್ಞಾನ ಹುಟ್ಟಿದ್ದು ಹೇಗೆಂದು ಬೆರಗಾದೆ. ಆಮೇಲೆ ಲೆಕ್ಕದ ಮರ್ಮ ತಿಳಿಯಿತು. ಪ್ರಕಟವಾದ ಲೇಖನ, ಅಬ್‌ಸ್ಟ್ರಾಕ್ಟ್, ಸಮ್ಮೇಳನದ ಪೋಸ್ಟರ್, ಭಾಷಣ ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ. ಒಬ್ಬ ರೋಗಿಯ ಒಂದು ಗಡ್ಡೆ ಮೊದಲು ಅಬ್‌ಸ್ಟ್ರಾಕ್ಟ್, ಆಮೇಲೆ ಪೋಸ್ಟರ್, ಕೊನೆಗೆ ಕೇಸ್ ರಿಪೋರ್ಟ್ ಆದರೆ ಮೂರು. ವಿಷ್ಣು ಕೂಡ ಇಷ್ಟು ಅಗ್ಗಕ್ಕೆ ಅವತಾರ ಎತ್ತಿರಲಿಲ್ಲ. ಗಡ್ಡೆ ತೆಗೆಸಿಕೊಂಡ ಪುಣ್ಯಾತ್ಮನಿಗೆ ಬಿಲ್ಲು ಮಾತ್ರ ಒಂದೇ ಸಲ ಬಂದಿರಲಿ.

2022ರ ಜನವರಿಯಲ್ಲಿ ನಿಮ್ಮಲ್ಲಿ ವೈದ್ಯ ಪರವಾನಗಿಗೆಂದು ನಡೆಯುವ ಯುಎಸ್‌ಎಂಎಲ್‌ಇ ಸ್ಟೆಪ್ 1 ಪರೀಕ್ಷೆಯ ಅಂಕ ತೆಗೆದು ಬರೀ ಪಾಸು, ಫೇಲು ಎಂದು ಮಾಡಿದರು. ಅಂಕದ ಹುಚ್ಚು ಇಳಿಯಲೆಂಬ ಸದುದ್ದೇಶವೇ ಸರಿ. ಆದರೆ ಜರಡಿ ಹಿಡಿಯಲು ತಮಗೊಂದು ಸಂಖ್ಯೆ ಬೇಕಲ್ಲ! ಆ ಇಪ್ಪತ್ತೈದೂವರೆಯ ಬ್ಯಾಚಿನವರ ಕೈಯಲ್ಲಿ ಅಂಕವಾದರೂ ಇತ್ತು. ಅದೂ ಇಲ್ಲದವರು ಇನ್ನೆಷ್ಟು ಪೋಸ್ಟರ್ ಅಂಟಿಸಬೇಕೋ.

ಹಾಗಾಗಿ ಕೆಲವರು ಸಂಶೋಧನೆಗೆಂದೇ ಒಂದು ವರ್ಷ ಓದು ನಿಲ್ಲಿಸುತ್ತಾರೆ. ಬೆಂಗಳೂರಲ್ಲೋ ಮಂಗಳೂರಲ್ಲೋ ಎಂಬಿಬಿಎಸ್ ಮುಗಿಸಿ ನಿಮ್ಮಲ್ಲಿಗೆ ಬಂದ ನಮ್ಮ ಕೆಲವು ಹುಡುಗರು ಸಂಬಳವಿಲ್ಲದೆ ಲ್ಯಾಬಿನಲ್ಲಿ ದುಡಿದು ಅಪ್ಪನ ಪಿಎಫ್ ಕರಗಿಸುತ್ತಾರೆ. ಸಂಶೋಧನೆಯ ಹಸಿವಿಗೋ, ಸಂಖ್ಯೆಯ ಹಸಿವಿಗೋ, ತಾವೇ ಹೇಳಬೇಕು. (ನಮ್ಮ ನೀಟ್ ಪಿಜಿಯಲ್ಲಿ 200 ಪ್ರಶ್ನೆಗಳಿಗೆ ಉತ್ತರ ಗುರುತಿಸಿದರೆ ಮುಗಿಯಿತು, ಸಂಶೋಧನೆಯ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಅದೇನೂ ಬೀಗುವ ಸಂಗತಿಯಲ್ಲ.)

ಸಂಶೋಧನೆ ಬೇಡವೆಂದು ನಾನು ಹೇಳುತ್ತಿಲ್ಲ. ಮೆದುಳಿಗೆ ಕೈ ಹಾಕುವವರಿಗೆ ಪುರಾವೆ ಯಾವುದು, ಪೊಳ್ಳು ಯಾವುದು ಎಂಬ ವಿವೇಕ ಬೇಕೇ ಬೇಕು. ಅದು ಬರುವುದು ಒಂದು ಪ್ರಶ್ನೆಯ ಬೆನ್ನು ಹತ್ತಿ ನಾಲ್ಕು ಸಲ ಸೋತಾಗ. ಹದಿನಾಲ್ಕು ಮಂದಿ ಲೇಖಕರ ಸಾಲಿನಲ್ಲಿ ಒಂಬತ್ತನೆಯವರಾಗಿ ನಿಂತು ಫೋಟೊಗೆ ಮುಖ ಕೊಟ್ಟಾಗಲ್ಲ.

ತಮ್ಮ ಅರ್ಜಿ ವ್ಯವಸ್ಥೆ ಇರಾಸ್ ಈಗಾಗಲೇ ಅನುಭವಗಳ ಪಟ್ಟಿಯನ್ನು 10ಕ್ಕೆ ಕಟ್ಟಿಹಾಕಿ, ಅದರಲ್ಲಿ ಮುಖ್ಯವಾದ 3ನ್ನು ಗುರುತಿಸಲು ಹೇಳುತ್ತದೆ. ಆ ಕತ್ತರಿಯನ್ನು ಪ್ರಕಟಣೆಗಳ ಮೇಲೂ ಆಡಿಸಿ. ಮೂರೇ ಮೂರು ಲೇಖನ ಕೇಳಿ. ಸಂದರ್ಶನಕ್ಕೆ ಕೂರುವ ಮುನ್ನ ಆ ಮೂರನ್ನು ದಯವಿಟ್ಟು ತಾವೂ ಓದಿಕೊಂಡು ಬನ್ನಿ.

ಇಂತಿ,
ತಮ್ಮ ಶಿಷ್ಯರ ಟೇಬಲ್ ಮೇಲೆ ಮಲಗಬೇಕಾಗಿ ಬರಬಹುದಾದ ಒಬ್ಬ ರೋಗಿ