ಗಿಟಾರಿಗೆ ಬಂದ ತತ್ವಪದ, ತೀರ್ಪಿಗೆ ಕುಂತ ಮೂರು ತಾಲೂಕು

ಪಾಪ್-ರಾಕ್ ಗಾಯಕನೊಬ್ಬ ಬ್ಯಾಂಡು ಬಿಟ್ಟು ತನ್ನದೇ ಹೆಸರಿನಲ್ಲಿ ಆಲ್ಬಂ ತಂದರೆ ಅಭಿಮಾನಿಗಳ ಅಭಿಪ್ರಾಯ ಸಾಮಾನ್ಯವಾಗಿ ಎರಡು ಹೋಳಾಗುತ್ತದೆ: ಮೊದಲಿನ ಹಾಗಿಲ್ಲ ಎನ್ನುವವರು, ಮೊದಲಿಗಿಂತ ಛಲೋ ಆಗಿದೆ ಎನ್ನುವವರು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಮೂರನೆಯದೊಂದು ಪಂಗಡವಿದೆ. ಅದು ಹಾಡು ಮುಗಿಯುವ ತನಕ ಸುಮ್ಮನಿದ್ದು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತದೆ: "ಪದ ಯಾರದು?" ಹಾಡಿದವನ ಹೆಸರು ಹೇಳಿದರೆ ಅದು ಉತ್ತರವೆಂದು ಸ್ವೀಕಾರವಾಗುವುದಿಲ್ಲ.

ಈ ಪ್ರಶ್ನೆಗೆ ಚೆನ್ನಾಗಿ ಸಿಕ್ಕಿಬಿದ್ದ ಆಲ್ಬಂ ರಘು ದೀಕ್ಷಿತ್ ಅವರದು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಇವರು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಭರತನಾಟ್ಯ ಕಲಿತವರು, ‘ಅಂತರಾಗ್ನಿ’ ಎಂಬ ಬ್ಯಾಂಡು ಕಟ್ಟಿದವರು. ಹಿಂದಿ ಚಿತ್ರರಂಗದ ಸಂಗೀತ ಜೋಡಿ ವಿಶಾಲ್-ಶೇಖರ್ ಅವರ ಸಂಸ್ಥೆ 2008ರಲ್ಲಿ ಇವರ ಮೊದಲ ಆಲ್ಬಂ ಹೊರತಂದಿತು. ಆಲ್ಬಂಗೂ ಗಾಯಕರದೇ ಹೆಸರು. ಒಳಗೆ ಹಿಂದಿ ಹಾಡುಗಳಿದ್ದವು, ಇಂಗ್ಲಿಷ್ ಇತ್ತು, ಕನ್ನಡದವು ಎರಡಿದ್ದವು: ‘ಗುಡುಗುಡಿಯಾ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಎರಡೂ ಸಂತ ಶಿಶುನಾಳ ಶರೀಫರವು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಹೋದ ಶರೀಫರು ಯಾರ ಸೋಲೋ ಆಲ್ಬಂಗೂ ಒಪ್ಪಿಗೆ ಪತ್ರ ಬರೆದುಕೊಟ್ಟವರಲ್ಲ. ಆದರೆ ತತ್ವಪದದ ಕೊನೆಯ ನುಡಿಯಲ್ಲಿ ಅಂಕಿತ ಹಾಕುವ ಪದ್ಧತಿಯಿಂದ, ಹಾಡು ಎಲ್ಲಿಗೆ ಹೋದರೂ ವಾರಸುದಾರ ಯಾರೆಂಬುದು ಅದರೊಳಗೇ ದಾಖಲಾಗಿರುತ್ತದೆ.

ಈ ಮೂರು ತಾಲೂಕಿನ ಕೇಳುಗನ ಕಿವಿ ಖಾಲಿ ಬಿದ್ದ ಜಾಗವಲ್ಲ. ಆಲ್ಬಂ ಬರುವ ಮೊದಲೇ ಅಲ್ಲಿ ಬಹಳ ಮಂದಿ ಬಂದು ಕುಂತಿದ್ದಾರೆ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪ, ಮೊದಲು ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದಲ್ಲಿ ನೆಲೆಸಿ, ‘ಮಹಾಂತ’ ಎಂಬ ಅಂಕಿತದಲ್ಲಿ ಪದ ಕಟ್ಟಿದರು. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದವರು ಅದೇ ಪರಂಪರೆಯ ಪದಕಾರರು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ, ಪೇಟಿ ಇಟ್ಟುಕೊಂಡು ಬೆಳಗಿನತನಕ ಹಾಡುವ ಭಜನಾ ಮೇಳಗಳಲ್ಲಿ ಇವರೆಲ್ಲ ಇಂದಿಗೂ ಹಾಜರಿರುತ್ತಾರೆ. ಆಳಂದದ ಲಾಡ್ಲೆ ಮಶಾಯಕರ ದರ್ಗಾದ ಉರುಸಿಗೆ ಹೋಗಿಬಂದವರಿಗೆ ಕವ್ವಾಲಿಯ ರುಚಿಯೂ ಹತ್ತಿರುತ್ತದೆ. ಇನ್ನು ಹರದೇಶಿ-ನಾಗೇಶಿ ಹಾಡಿಕೆಯಂತೂ ಅಭಿಪ್ರಾಯಭೇದವನ್ನೇ ಕಲೆಯಾಗಿ ಮಾಡಿಕೊಂಡ ಪ್ರಕಾರ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳ ಇಡೀ ರಾತ್ರಿ ಸವಾಲು-ಜವಾಬು ನಡೆಸಿದರೂ ತಕರಾರು ಇತ್ಯರ್ಥವಾಗದೆ ಮುಂದಿನ ಜಾತ್ರೆಗೆ ಹೋಗುತ್ತದೆ. ಇಂಥ ಕಡೆ ಒಂದು ಆಲ್ಬಂ ಬಂದು ಎಲ್ಲರಿಂದ ಒಂದೇ ಮಾತು ನಿರೀಕ್ಷಿಸುವುದು ಆಲ್ಬಮ್ಮಿನದೇ ತಪ್ಪು.

ಮೊದಲನೆಯ ಪಕ್ಷ ಭಜನಾ ಮೇಳದ ಹಿರಿಯರದು. ಇವರು ಗಿಟಾರಿನ ವಿರೋಧಿಗಳು ಎಂದು ಹುಡುಗರು ತಿಳಿಯುವುದುಂಟು. ನಿಜದಲ್ಲಿ ಅವರಿಗೆ ಗಿಟಾರಿನ ಬಗ್ಗೆ ಅಂಥ ದ್ವೇಷವಿಲ್ಲ. ಏಕತಾರಿಗೆ ತಂತಿ ಒಂದಿದ್ದರೆ ಇದಕ್ಕೆ ಆರಿವೆ, ಐದು ಹೆಚ್ಚಾಯಿತು ಅಷ್ಟೇ. ಅವರ ತಕರಾರು ಹಾಡಿನ ನಡುವೆ ಬರುವ ಬರಿಯ ವಾದ್ಯದ ಭಾಗದ್ದು. ಭಜನೆಯಲ್ಲಿ ಒಬ್ಬ ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳಬೇಕು. ಗಿಟಾರು ತಾನೊಂದೇ ಅರ್ಧ ನಿಮಿಷ ನುಡಿಸುತ್ತ ನಿಂತರೆ ಹಿಮ್ಮೇಳದವರು ಆ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದು ಅವರ ಪ್ರಾಮಾಣಿಕ ಚಿಂತೆ. ಎರಡನೆಯ ಚಿಂತೆ ಅಂಕಿತದ್ದು. ಹೊತ್ತಿನ ಅಭಾವಕ್ಕೆ ನಡುವಿನ ಒಂದು ನುಡಿ ಬಿಟ್ಟರೆ ಕ್ಷಮೆಯುಂಟು. ಅಂಕಿತದ ನುಡಿ ಬಿಟ್ಟರೆ ಇಲ್ಲ. ಸಹಿ ಇಲ್ಲದ ಅರ್ಜಿ ತಹಶೀಲ್ ಕಚೇರಿಯಲ್ಲೇ ನಡೆಯುವುದಿಲ್ಲ, ಪರಮಾತ್ಮನ ಹತ್ತಿರ ಹೇಗೆ ನಡೆದೀತು?

ಎರಡನೆಯದು ಕ್ಯಾಸೆಟ್ ಪಕ್ಷ. ಇದರ ಸದಸ್ಯರು ಮಧ್ಯವಯಸ್ಸಿನವರು. ಹೆಚ್ಚಿನವರು ಮೇಷ್ಟ್ರು, ಬ್ಯಾಂಕಿನವರು, ಕೃಷಿ ಇಲಾಖೆಯವರು. ಇವರ ಪಾಲಿಗೆ ಶರೀಫರ ಪದಗಳ ಅಧಿಕೃತ ಆವೃತ್ತಿ ಸಿ. ಅಶ್ವತ್ಥರದು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ 1990ರಲ್ಲಿ ತೆರೆಕಂಡಾಗ ಅದಕ್ಕೆ ಸಂಗೀತ ಕೊಟ್ಟ ಅಶ್ವತ್ಥರ ಕಂಠವೇ ಶರೀಫರ ಕಂಠವೆಂದು ಈ ಪಕ್ಷ ಮನಸ್ಸಿನಲ್ಲೇ ಠರಾವು ಪಾಸು ಮಾಡಿಕೊಂಡಿದೆ. ಆಲ್ಬಂ ಬಂದ ಮರುವರ್ಷ, 2009ರ ಡಿಸೆಂಬರಿನಲ್ಲಿ ಅಶ್ವತ್ಥರು ತೀರಿಕೊಂಡ ಮೇಲೆ ಈ ಠರಾವಿಗೆ ತಿದ್ದುಪಡಿ ತರುವುದು ಇನ್ನೂ ಕಷ್ಟವಾಯಿತು. ಅಶ್ವತ್ಥರೂ ಒಂದು ಕಾಲಕ್ಕೆ ಪೇಟಿ-ತಬಲಾ ದಾಟಿ ದೊಡ್ಡ ವಾದ್ಯಗೋಷ್ಠಿಯನ್ನು ಕಟ್ಟಿಕೊಂಡು ಹಾಡಿದವರೇ, ಆಗಿನ ಹಿರಿಯರೂ ಮೂಗು ಮುರಿದಿದ್ದರು ಎಂದು ಯಾರಾದರೂ ನೆನಪಿಸಿದರೆ, ಈ ಪಕ್ಷ ಚಹಾ ಹೇಳಿ ಮಾತು ಬದಲಿಸುತ್ತದೆ.

ಮೂರನೆಯದು ಸಿನಿಮಾ ಪಕ್ಷ. ಅದೇ 2008ರ ‘ಸೈಕೋ’ ಚಿತ್ರಕ್ಕೆ ರಘು ದೀಕ್ಷಿತ್ ಸಂಗೀತ ಕೊಟ್ಟಿದ್ದರು. ಅದರ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ರಾಜ್ಯದ ಉದ್ದಗಲಕ್ಕೂ ಓಡಿತು. ಈ ಹುಡುಗರಿಗೆ ಆಲ್ಬಂ ಸಿಕ್ಕಿದ್ದು ಆ ಹಾಡಿನ ಬಾಲ ಹಿಡಿದು. ಅವರ ಅಳತೆಗೋಲು ಸರಳ: ಕಬ್ಬು ತುಂಬಿದ ಟ್ರ್ಯಾಕ್ಟರಿನ ಮೇಲೆ ಕಟ್ಟಿದ ಸ್ಪೀಕರಿನಲ್ಲಿ ಹಚ್ಚಿದಾಗ ಇಂಜಿನ್ನಿನ ಸದ್ದನ್ನು ಮೀರಿ ಕೇಳಬೇಕು. ಈ ಪರೀಕ್ಷೆಯಲ್ಲಿ ‘ಗುಡುಗುಡಿ’ ಪಾಸು. ಮೆಲ್ಲಗೆ ಪಿಸುಗುಡುವ ಪ್ರೇಮಗೀತೆಗಳು ಮೊದಲ ಗೇರಿನಲ್ಲೇ ನಪಾಸು.

ಈ ಮೂರೂ ಪಕ್ಷ ಕೂಡುವ ಜಾಗ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಮೊಬೈಲ್ ಅಂಗಡಿಯಾಗಿತ್ತು. ಅಗ್ಗದ ಇಂಟರ್ನೆಟ್ ಬರುವ ಮುಂಚಿನ ವರ್ಷಗಳಲ್ಲಿ ಸಂಗೀತ ವಿಮರ್ಶೆಯ ನಿಜವಾದ ಪೀಠ ಅದೇ. ಅಂಗಡಿಯ ಕಂಪ್ಯೂಟರಿನಲ್ಲಿ ‘ಭಜನಾ’, ‘ಜಾನಪದ ಡಿಜೆ’, ‘ಕನ್ನಡ ಹಳೇದು’, ‘ಹಿಂದಿ ಸ್ಯಾಡ್’ ಎಂದು ಫೋಲ್ಡರುಗಳಿರುತ್ತಿದ್ದವು. ಶರೀಫರ ಪದ, ರಾಕ್ ಡ್ರಮ್ಮು, ಮೈಸೂರಿನ ಗಾಯಕ, ಮುಂಬೈ ಕಂಪನಿ: ಇದನ್ನು ಯಾವ ಫೋಲ್ಡರಿಗೆ ಹಾಕಬೇಕು? ‘ಭಜನಾ’ಕ್ಕೆ ಹಾಕಿದರೆ ಹಿರಿಯರು ಕಾರ್ಡು ವಾಪಸ್ ತರುತ್ತಿದ್ದರು, ‘ಡಿಜೆ’ಗೆ ಹಾಕಿದರೆ ಹುಡುಗರು ಹತ್ತು ಸೆಕೆಂಡು ಕಾದು ಮುಂದಿನ ಹಾಡಿಗೆ ಹಾರುತ್ತಿದ್ದರು. ಅಂಥ ಅಂಗಡಿಯ ಮಾತುಕತೆಯ ಮಾದರಿ ಹೀಗಿರುತ್ತಿತ್ತು:

"ಕಾಕಾ, ಇದು ಹೊಸಾದು ಬಂದದ, ಕೇಳ್ರಿ."

"ಹೊಸಾದೇನೋ ತಮ್ಮಾ, ಇದು ನಮ್ಮಪ್ಪ ಹಾಡ್ತಿದ್ದ."

"ಹಾಡು ಹಳೇದೇ ರೀ, ಮ್ಯೂಸಿಕ್ ಹೊಸಾದು."

"ಹಂಗಿದ್ರ ಮ್ಯೂಸಿಕ್ ಬಂದ್ ಮಾಡು, ಹಾಡಷ್ಟೇ ಹಚ್ಚು."

ಅಂಗಡಿಯ ಹುಡುಗನಿಗೆ ಇದು ಆಗದ ಮಾತು. ಕಾಕಾನಿಗೆ ಮಾತ್ರ ಬಹಳ ನ್ಯಾಯವಾದ ಬೇಡಿಕೆ.

ಹಾಡುಗಳನ್ನು ಒಂದೊಂದಾಗಿ ತೆಗೆದುಕೊಂಡರೆ ಅಭಿಪ್ರಾಯಗಳು ಇನ್ನಷ್ಟು ಕವಲೊಡೆಯುತ್ತವೆ. ‘ಗುಡುಗುಡಿ’ಯನ್ನು ಹುಡುಗರು ಹುಕ್ಕಾದ ಹಾಡೆಂದೇ ತಿಳಿದು ಖುಷಿಪಡುತ್ತಾರೆ; ಸೇದು ಎಂದು ಸಂತರೇ ಹೇಳಿದ ಮೇಲೆ ಬೀಡಿಗೂ ಒಂದು ಆಧಾರ ಸಿಕ್ಕಂತಾಯಿತೆಂದು ಕೆಲವರ ವಾದ. ಇದನ್ನು ಕೇಳಿದ ಹಿರಿಯರು, ಗುಡುಗುಡಿ ಎಂದರೆ ಈ ಶರೀರ, ಒಳಗಿನ ನೀರೇನು, ಕೆಂಡವೇನು, ಹೊಗೆಯೇನು ಎಂದು ವಿವರಿಸಲು ಕುಳಿತುಕೊಳ್ಳುತ್ತಾರೆ. ವಿವರಣೆ ಅರ್ಧಕ್ಕೆ ಬರುವ ಹೊತ್ತಿಗೆ ಹುಡುಗರು ಬೀಡಿ ಸೇದಲು ಹೊರಗೆ ಹೋಗಿರುತ್ತಾರೆ.

‘ಸೋರುತಿಹುದು’ ಹಾಡಿನ ಗತಿ ಬೇರೆ. ಬೆಂಗಳೂರಿನ ಕೇಳುಗನಿಗೆ ಸೋರುವ ಮಾಳಿಗೆ ಬರಿಯ ರೂಪಕ. ಇಲ್ಲಿ ಅದು ಆಷಾಢದ ವರದಿ. ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಕಿ ಕಟ್ಟಿದ ಮಾಳಿಗೆ ಮನೆಗಳು ಈ ತಾಲೂಕುಗಳಲ್ಲಿ ಇನ್ನೂ ಬೇಕಾದಷ್ಟಿವೆ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ, ತುಳಿದು ಗಟ್ಟಿ ಮಾಡಿದರೆ ಸರಿ. ಮರೆತರೆ ಮೊದಲ ಜಡಿಮಳೆಗೆ ಮನೆಯ ಕೊಡ, ಬುಟ್ಟಿ, ಪರಾತಗಳೆಲ್ಲ ನೆಲದ ಮೇಲೆ ಸಾಲಾಗಿ ಬಂದು ಕೂರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ತುಂಬಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿದಾಗ ಇಂಥ ಮನೆಗಳ ಪಾಡು ಹೇಳತೀರದು. ಹೀಗಾಗಿ ಈ ಹಾಡಿನ ಬಗ್ಗೆ ಅಭಿಪ್ರಾಯ ಕೇಳುವ ಮೊದಲು ಕೇಳುಗನ ಛಾವಣಿ ಯಾವುದೆಂದು ನೋಡಿಕೊಳ್ಳುವುದು ಕ್ಷೇಮ. ಸ್ಲ್ಯಾಬಿನ ಮನೆಯವರು ಕಣ್ಣು ಮುಚ್ಚಿ, ಅಜ್ಞಾನದಿಂದ ಸೋರುವ ಬಾಳಿನ ಬಗ್ಗೆ ತಲೆದೂಗುತ್ತಾರೆ, ಗಿಟಾರು ತತ್ವಕ್ಕೆ ಒಪ್ಪುತ್ತದೆ ಎನ್ನುತ್ತಾರೆ. ಮಣ್ಣಿನ ಮಾಳಿಗೆಯವರು ಹಾಡು ಕೇಳುತ್ತಲೇ ಮೇಲೆ ನೋಡುತ್ತಾರೆ. ಇಷ್ಟು ಜೋರಾಗಿ ಡ್ರಮ್ಮು ಬಾರಿಸಿದರೆ ಉಳಿದ ಮಣ್ಣೂ ಉದುರೀತು ಎಂಬುದು ಅವರ ಸಂಗೀತ ವಿಮರ್ಶೆ. ಇಡೀ ಆಲ್ಬಂ ಕುರಿತು ಇದಕ್ಕಿಂತ ಅನುಭವಸಿದ್ಧವಾದ ಟೀಕೆ ಇನ್ನೊಂದಿರಲಾರದು.

ಹಿಂದಿ ಹಾಡುಗಳಿಗೆ ಭಾಷೆಯ ಅಡ್ಡಿಯಿಲ್ಲ. ದಖನಿ ಇಲ್ಲಿಯ ಸಂತೆಯ ಮಾತು. ಆಳಂದದಿಂದ ಉಮರ್ಗಾ, ಅಫಜಲಪುರದಿಂದ ಅಕ್ಕಲಕೋಟೆ ದೂರವೇನಲ್ಲವಾದ್ದರಿಂದ ಮರಾಠಿಯೂ ಕಿವಿಗೆ ಪರಕೀಯವಲ್ಲ. ‘ಮೈಸೂರ್ ಸೇ ಆಯಿ’ ಹಾಡಿನ ವಿಷಯದಲ್ಲಿ ಮಾತ್ರ ಸಣ್ಣದೊಂದು ಅನುಮಾನ ಉಳಿದಿದೆ. ಮೈಸೂರು ಕಡೆಯಿಂದ ಈ ತಾಲೂಕುಗಳಿಗೆ ಬರುವವರು ಸಾಮಾನ್ಯವಾಗಿ ಸರ್ಕಾರಿ ಆದೇಶ ಹಿಡಿದು ಬಂದು, ಬಂದ ದಿನವೇ ವರ್ಗಾವಣೆಗೆ ಅರ್ಜಿ ಬರೆಯುತ್ತಾರೆ. ಆ ಊರಿನಿಂದ ಒಬ್ಬಳು ಬಂದಳೆಂದು ಯಾರೋ ಕುಣಿದು ಹಾಡುವುದು ಈ ಭಾಗದ ಕೇಳುಗರಿಗೆ ಕಲ್ಪನಾವಿಲಾಸವಾಗಿ ಕಾಣುತ್ತದೆ. ಇಂಗ್ಲಿಷ್ ಹಾಡುಗಳ ಬಗ್ಗೆ ಜನಾಭಿಪ್ರಾಯ ಒಮ್ಮತದ್ದು: ಚೆನ್ನಾಗಿರಬಹುದು.

ವೇಷದ ಚರ್ಚೆ ಬೇಗ ಮುಗಿಯುತ್ತದೆ. ವೇದಿಕೆಯ ಮೇಲೆ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುವ ರಾಕ್ ಗಾಯಕ ನಗರದ ಅಭಿಮಾನಿಗಳಿಗೆ ದೊಡ್ಡ ಬೆರಗು. ಗೊಂದಲಿಗರನ್ನೂ ಗೆಜ್ಜೆ ಕಟ್ಟಿದ ಪುರವಂತರನ್ನೂ ವರ್ಷವರ್ಷವೂ ಜಾತ್ರೆಯಲ್ಲಿ ಕಾಣುವ ಕಣ್ಣಿಗೆ ಗೆಜ್ಜೆ ಹೊಸದಲ್ಲ. ಲುಂಗಿಯಂತೂ ರಾತ್ರಿ ಊಟವಾದ ಮೇಲೆ ಇಡೀ ಓಣಿಯ ಸಮವಸ್ತ್ರ. ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದು, ‘ಸಾಂಗ್‌ಲೈನ್ಸ್’ ಎಂಬ ಬ್ರಿಟಿಷ್ ಪತ್ರಿಕೆ 2011ರಲ್ಲಿ ಅವರನ್ನು ಉತ್ತಮ ಹೊಸಬರೆಂದು ಗೌರವಿಸಿದ್ದು ತಿಳಿದಾಗ ಹುಡುಗರು ಎದೆಯುಬ್ಬಿಸಿದರೆ, ಹಿರಿಯರು ಇದನ್ನು ಬೇರೆ ಖಾತೆಗೆ ಜಮಾ ಮಾಡಿದರು. ಅವರ ಲೆಕ್ಕದಲ್ಲಿ ಲಂಡನ್ನಿಗೆ ಹೋದದ್ದು ಶರೀಫಜ್ಜ. ಗಾಯಕ ಜೊತೆಗೆ ಹೋಗಿದ್ದ.

ಇಷ್ಟೆಲ್ಲ ಪಕ್ಷಭೇದವಿದ್ದರೂ ಮೆಚ್ಚುಗೆಯ ಮೆಟ್ಟಿಲುಗಳ ಬಗ್ಗೆ ಎಲ್ಲರದೂ ಒಂದೇ ಲೆಕ್ಕ. ಗಾಯಕನ ಹೆಸರು ಹೇಳಿ ಹೊಗಳುವುದು ಮೊದಲ ಮೆಟ್ಟಿಲು; ಇದು ಉಪಚಾರದ ಮಾತು, ಪಾಹುಣ್ಯಾರಿಗೆ ಚಹಾ ಕೊಟ್ಟಷ್ಟು ಸಲೀಸು. ಧಾಟಿ ಛಲೋ ಕುಂತದ ಎನ್ನುವುದು ಎರಡನೆಯದು. ಇಷ್ಟು ಹೇಳಬೇಕಾದರೆ ಹಾಡನ್ನು ನಾಲ್ಕು ಸಲವಾದರೂ ಕೇಳಿರಬೇಕು. ಮೂರನೆಯ ಮೆಟ್ಟಿಲಿನಲ್ಲಿ ಹೊಗಳಿಕೆ ಇರುವುದಿಲ್ಲ. ಭಜನೆಯ ನಡುರಾತ್ರಿ ಯಾರೋ ಹುಡುಗ ಆ ಹೊಸ ಧಾಟಿಯಲ್ಲೇ ಪದ ಎತ್ತುತ್ತಾನೆ, ದಮ್ಮಡಿಯವನು ಗತಿ ಹಿಡಿಯುತ್ತಾನೆ, ಹಿಂದೆ ಕುಂತವರು ಸಾಲು ಎತ್ತಿಕೊಳ್ಳುತ್ತಾರೆ, ಈ ಧಾಟಿ ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಗಾಯಕನ ಹೆಸರು ಪೂರ್ತಿ ಮರೆತುಹೋಗಿ, ಅಂಕಿತವೊಂದೇ ಉಳಿದಾಗ ಮೂರು ತಾಲೂಕಿನ ಅಂತಿಮ ಒಪ್ಪಿಗೆ ಸಿಕ್ಕಿತೆಂದು ತಿಳಿಯಬೇಕು. ಸ್ವಂತ ಹೆಸರನ್ನೇ ಆಲ್ಬಂಗೆ ಇಟ್ಟ ಗಾಯಕನಿಗೆ ಈ ಗೌರವ ಕೊಂಚ ತುಟ್ಟಿಯೆನಿಸಬಹುದು. ಆದರೆ ಕಡಕೋಳದ ಮಡಿವಾಳಪ್ಪನ ಪದಗಳಿಗೆ ಮೊದಲು ಧಾಟಿ ಹಾಕಿದವರು ಯಾರೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅವರಿಗೆಲ್ಲ ಸಂದದ್ದೂ ಇದೇ ಗೌರವ.