ಟವೆಲ್ಲಿನಡಿಯ ಸೈಕಲ್ಲು

ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್, ಚೈನ್‌ಕವರ್, ಗಂಟೆ, ಬೀಗ ಎಲ್ಲ ಇರುವ ಸೈಕಲ್ಲು ಆರೇಳು ಸಾವಿರಕ್ಕೆ ಸಿಗುತ್ತದೆ. ಇಷ್ಟನ್ನೂ ಕಿತ್ತುಹಾಕಿದರೆ ಮೂವತ್ತು ಸಾವಿರ. ಪೆಡಲನ್ನೂ ಕಿತ್ತರೆ ಲಕ್ಷ ದಾಟುತ್ತದೆ. ತಮಾಷೆಯಲ್ಲ, ದುಬಾರಿ ರೋಡ್ ಬೈಕುಗಳಲ್ಲಿ ಎಷ್ಟೋ ಪೆಡಲ್ ಇಲ್ಲದೆಯೇ ಮಾರಾಟವಾಗುತ್ತವೆ. ಅದನ್ನು ಬೇರೆ ಕೊಳ್ಳಬೇಕು. ನಾನು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ನಾಲ್ಕು ತಾಲ್ಲೂಕು ತಿರುಗಿ ಸಹಕಾರಿ ಸೊಸೈಟಿಗಳ ಲೆಕ್ಕ ತಪಾಸಿಸುವ ಮನುಷ್ಯ. ಗೊಬ್ಬರದ ಚೀಲ ಕಡಿಮೆಯಾಗಿ ಖರ್ಚು ಏರಿದ್ದು ಕಂಡರೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆಯುತ್ತೇನೆ. ಅಂಥವನು ಇಲ್ಲಿ ಮಾತ್ರ ಬಾಯಿ ಚಪ್ಪರಿಸುತ್ತ ನಿಂತಿದ್ದೆ.

ಕಾರಣ ಟ್ರಯಥ್ಲಾನ್. 2024ರ ಅಕ್ಟೋಬರಿನಲ್ಲಿ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, 21.1 ಕಿಲೋಮೀಟರ್ ಓಡಿ, ಎಲ್ಲವನ್ನೂ ಎಂಟೂವರೆ ಗಂಟೆಯೊಳಗೆ ಮುಗಿಸಿದರೆಂದು ಪೇಪರಿನಲ್ಲಿ ಬಂತು. ಅದನ್ನು ಓದಿದ ದಿನವೇ ನನ್ನ ಸಕ್ಕರೆ ಪರೀಕ್ಷೆಯ ಚೀಟಿಯೂ ಕೈಗೆ ಬಂದಿತ್ತು. ಎರಡೂ ಕಾಗದ ಒಂದೇ ಜೇಬಿನಲ್ಲಿ ಬಿದ್ದದ್ದು ಅನಾಹುತಕ್ಕೆ ದಾರಿಯಾಯಿತು. ಹುಡುಕಿದಾಗ ಇದಕ್ಕೊಂದು ಚಿಕ್ಕ ಆವೃತ್ತಿಯೂ ಇದೆಯೆಂದು ಗೊತ್ತಾಯಿತು: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಇನ್ನೂ ಧೈರ್ಯ ಕೊಟ್ಟದ್ದು 1978ರ ಹವಾಯಿಯ ಕಥೆ. ಈಜುವವನು ಗಟ್ಟಿಯೋ, ಓಡುವವನೋ, ಸೈಕಲ್ಲಿನವನೋ ಎಂದು ಮಾತಿಗೆ ಮಾತು ಬೆಳೆದು, ಮೂರನ್ನೂ ಒಂದೇ ದಿನ ಮಾಡಿಯೇ ಬಿಡೋಣ ಎಂದು 15 ಮಂದಿ ಹೊರಟರಂತೆ, ಮುಗಿಸಿದವರು 12. ಎರಡನೆಯವನಿಗೆ ದಾರಿಯಲ್ಲಿ ನೀರು ಮುಗಿದು, ಜೊತೆಗಾರರು ಬಿಯರ್ ಕುಡಿಸಿದರಂತೆ. ಅಂದರೆ ಈ ಆಟ ಹುಟ್ಟಿದ್ದೇ ಕಟ್ಟೆಯ ಮೇಲಿನ ಜಿದ್ದಿನಿಂದ. ಜಿದ್ದಿಗೆ ನಮ್ಮಲ್ಲೇನು ಬರವೇ!

ಓಟದ ಬಗ್ಗೆ ಹೇಳುವುದೇನಿಲ್ಲ, ಬಸ್ಸಿನ ಹಿಂದೆ ಓಡಿಯೇ ನೌಕರಿ ಮಾಡಿದವನು. ಈಜು ಬಾವಿಯಲ್ಲಿ ಕಲಿತದ್ದು. ಬಾವಿಯಲ್ಲಿ ಕಲಿತವರಿಗೆ ಸುತ್ತು ಹಾಕುವುದು ಗೊತ್ತೇ ಹೊರತು ನೆಟ್ಟಗೆ ಹೋಗುವುದು ಗೊತ್ತಿರುವುದಿಲ್ಲ. ಅದನ್ನು ಮುಂದೆ ನೋಡಿಕೊಳ್ಳೋಣ ಎಂದುಕೊಂಡೆ.

ಬೆಂಗಳೂರಿನ ಗೆಳೆಯನೊಬ್ಬನಿಗೆ ಫೋನು ಮಾಡಿದ್ದು ದಂಡ. ಅವನು ಪ್ರತಿ ಭಾನುವಾರ ನಂದಿಬೆಟ್ಟ ಹತ್ತುವವನು. "ನಿನ್ನ ಬಜೆಟ್ ಎಷ್ಟು?" ಅಂದ. ಮೂವತ್ತರೊಳಗೆ ಅಂದೆ. ಆ ಕಡೆ ಕೊಂಚ ಹೊತ್ತು ಮೌನ. ಆಮೇಲೆ ಶಿಮಾನೋ ಗೇರುಗಳ ವಂಶಾವಳಿ ಶುರುವಾಯಿತು. ತಳದಲ್ಲಿ ಟೂರ್ನಿ, ಮೇಲೆ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಎಲ್ಲರ ತಲೆಯ ಮೇಲೆ ಡ್ಯೂರಾ-ಏಸ್. 105ಕ್ಕಿಂತ ಕೆಳಗಿನದನ್ನು ತಾನು ಮುಟ್ಟುವುದಿಲ್ಲವೆಂದ. ಸೈಕಲ್ಲಿನಲ್ಲೂ ಮಡಿ-ಮೈಲಿಗೆ ಬಂತಲ್ಲಪ್ಪ ಎಂದು ಸಿಟ್ಟು ಬಂದು, "ಸೋರಾ ತುಳಿದರೆ ಗಾಲಿ ತಿರುಗೂದಿಲ್ಲೇನು?" ಎಂದು ಫೋನಿಟ್ಟೆ. ಆದರೂ ಅವನು ಹೇಳಿದ ಎರಡು ಮಾತು ಖರೇ. ಟ್ರಯಥ್ಲಾನಿಗೆಂದೇ ಸೀಟು ಮುಂದೊತ್ತಿ ಮಾಡಿದ ವಿಶೇಷ ಸೈಕಲ್ಲು ಹೊಸಬನಿಗೆ ಬೇಡ. ಸಾದಾ ರೋಡ್ ಬೈಕೇ ಸಾಕು, ಮುಂದೆ ಬೇಕೆನಿಸಿದರೆ ಹ್ಯಾಂಡಲಿಗೆ ಮೊಣಕೈ ಊರುವ ಎರಡು ಸರಳು ಸಿಕ್ಕಿಸಿಕೊಳ್ಳಬಹುದು. ಎರಡನೆಯದು, ಗೇರು ಯಾವುದಾದರೂ ಇರಲಿ, ಅಳತೆ ತಪ್ಪಬಾರದು.

ಅಳತೆಗೆ ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ಪುಸ್ತಕವೊಂದನ್ನು ತೊಡೆಸಂದಿಯಲ್ಲಿ ಮೇಲಕ್ಕೊತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನ ತನಕ ಅಳೆಯಬೇಕು. ದಪ್ಪ ರಟ್ಟಿನದು ಮನೆಯಲ್ಲಿದ್ದದ್ದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಒಂದೇ. ಅದು ಇಷ್ಟು ಹತ್ತಿರದಿಂದ ನನ್ನನ್ನು ಎಂದೂ ಕಾಡಿರಲಿಲ್ಲ. ಹೆಂಡತಿ ಟೇಪು ಹಿಡಿದು 76 ಸೆಂಟಿಮೀಟರ್ ಅಂದಳು. ಅದನ್ನು 0.883ರಿಂದ ಗುಣಿಸಿದರೆ ಸೀಟಿನ ಎತ್ತರ, 67. ಫ್ರಾನ್ಸಿನ ಮಹಾರೇಸು ಗೆದ್ದ ಗ್ರೆಗ್ ಲೆಮಾಂಡ್ ಜನಪ್ರಿಯಗೊಳಿಸಿದ ಲೆಕ್ಕವಿದು. "ಇಷ್ಟೆಲ್ಲಾ ಗುಣಾಕಾರ ಮಾಡಿ ತರೂದು ಮೂವತ್ತ ಸಾವಿರದ್ದು. ಅದಕ್ಕ ಇನ್ನಷ್ಟು ಹಾಕಿದ್ರ ಒಂದ ಎಮ್ಮಿ ಬರ್ತೈತ್ರಿ, ಹಾಲರ ಕೊಡತಿತ್ತು" ಅಂದಳು. ಈ ಆಕ್ಷೇಪಣೆಗೆ ಇವತ್ತಿಗೂ ನನ್ನಿಂದ ಉತ್ತರ ಸಂದಾಯವಾಗಿಲ್ಲ.

ಹಳೆಯದೇ ಸರಿ ಎಂದು ತೀರ್ಮಾನವಾಯಿತು. ಕೋವಿಡ್ ಕಾಲದಲ್ಲಿ ಹುರುಪಿನಿಂದ ಕೊಂಡು ಈಗ ಪ್ಯಾಂಟು ಒಣಹಾಕುತ್ತಿರುವವರು ಊರಿಗೊಬ್ಬರಾದರೂ ಇದ್ದಾರೆ. ಶಿಗ್ಗಾಂವಿಯಲ್ಲಿ, ಹೆದ್ದಾರಿಯ ಪಕ್ಕದ ಬಡಾವಣೆಯಲ್ಲಿ, ಮನೆಯಿಂದಲೇ ಕೆಲಸ ಮಾಡುವ ಕಂಪ್ಯೂಟರ್ ಹುಡುಗನೊಬ್ಬ ಸಿಕ್ಕ. ಅಲ್ಯುಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು, ಸೋರಾ ಗೇರು, ಅಳತೆ 52. ಮೂವತ್ತೈದು ಸಾವಿರ ಎಂದಿದ್ದ. ನನಗೆ ಲೆಕ್ಕ ಬರುತ್ತದೆ, ಚೌಕಾಸಿ ಬರುವುದಿಲ್ಲ. ಅದಕ್ಕೆ ಹಿರೇಕೆರೂರು ಕಡೆಯ ನನ್ನ ಸೋದರಮಾವನನ್ನು ಕರೆದುಕೊಂಡು ಹೋದೆ.

ಮಾವ ಹೋರಿ ಸಾಕುವವನು. ಹೋರಿ ಅಂದರೆ ನಮ್ಮ ಜಿಲ್ಲೆಯಲ್ಲಿ ವಿವರಿಸಬೇಕಿಲ್ಲ. ಅದು ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ವರ್ಷವಿಡೀ ಹುರುಳಿ ತಿಂದು, ದೀಪಾವಳಿ ಬಂತೆಂದರೆ ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಅಖಾಡದಲ್ಲಿ ಒಂದೇ ಉಸಿರಿಗೆ ಓಡುತ್ತದೆ. ಅಷ್ಟಕ್ಕೇ ಲಕ್ಷಗಟ್ಟಲೆ ಕೊಡುತ್ತಾರೆ. ಮಾವ ಸೈಕಲ್ಲಿನ ಮುಂದೆ ನಿಂತು ನೋಡಿದ, ಹಿಂದೆ ನಿಂತು ನೋಡಿದ. ಮೇಲಿನ ಕೊಳವೆಯ ಮೇಲೆ ಬೆನ್ನು ಸವರಿದ ಹಾಗೆ ಕೈ ಎಳೆದ. ಹಿಂದಿನ ಗಾಲಿ ಎತ್ತಿ ತಿರುಗಿಸಿ, ನಿಲ್ಲುವ ತನಕ ಕಿವಿಗೊಟ್ಟ. ಸುಳಿ ಹುಡುಕಿದನೆಂದು ಕಾಣುತ್ತದೆ, ಪೆಡಲಿನ ಹತ್ತಿರ ಗೀರು ಸಿಕ್ಕಿತು. "ಇದು ಎಡಕ್ಕ ಬಿದ್ದೈತಿ" ಅಂದ. ಹುಡುಗ ಒಪ್ಪಿಕೊಂಡ. ಕೊನೆಗೆ ಎರಡು ಬೆರಳಲ್ಲಿ ಎತ್ತಿ, "ಮೈಮ್ಯಾಲ ಮಾಂಸಾನ ಇಲ್ಲಲೋ ಅಳಿಯಾ!" ಎಂದ. ಹಳೆ ಕರಿ ಸೈಕಲ್ಲು ಇಪ್ಪತ್ತು ಕಿಲೋ ತೂಗಿದರೆ ಇದು ಹತ್ತೂ ಇಲ್ಲ, ದೊಡ್ಡ ರೇಸುಗಳಲ್ಲಿ 6.8 ಕಿಲೋಗಿಂತ ಹಗುರ ಇದ್ದರೆ ಬಿಡುವುದೇ ಇಲ್ಲ ಎಂದು ವಿವರಿಸಿದೆ. ಸ್ಟ್ಯಾಂಡ್ ಯಾಕಿಲ್ಲ, ಕ್ಯಾರಿಯರ್ ಯಾಕಿಲ್ಲ ಎಂಬುದಕ್ಕೂ ಪೀಠಿಕೆ ಹಾಕುತ್ತಿದ್ದೆ. ಮಾವ ಕೈ ಎತ್ತಿ ತಡೆದ. "ತಿಳೀತು ಬಿಡು. ಇದು ಓಡೂ ಹೋರಿ." ಬೆಂಗಳೂರಿನ ಗೆಳೆಯ ಮುಕ್ಕಾಲು ಗಂಟೆ ಹೇಳಿದ್ದು ಅಷ್ಟೇ.

ಆಮೇಲೆ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಹುಡುಗನ ಬಲಗೈ ಮೇಲೆ ಹೊದಿಸಿದ.

ಹುಡುಗ ಮೊದಲು ಶಾಸ್ತ್ರ ಹೇಳುತ್ತಾರೆಂದು ತಿಳಿದಿರಬೇಕು, ಮುಖ ಗಂಭೀರ ಮಾಡಿಕೊಂಡ. ಟವೆಲ್ಲಿನಡಿ ಮಾವನ ಕೈ ಅಲುಗಾಡಿತು. ಹುಡುಗನ ಹುಬ್ಬು ಮೇಲೇರಿತು. "ಅಂಕಲ್, ಏನ್ ಮಾಡ್ತಿದೀರಾ?"

"ಬಾಯಿ ಬಿಡಬ್ಯಾಡ್ರಿ ಸಾಹೇಬ್ರ. ಮಂದಿ ಕೇಳ್ತಾರ."

ಕೇಳಲು ಮಂದಿ ಯಾರಿದ್ದರು? ನಾನು, ಮೆಣಸಿನಕಾಯಿ ಹರವುತ್ತಿದ್ದ ಹುಡುಗನ ತಾಯಿ, ಒಂದು ನಾಯಿ. ಆದರೂ ದನದ ಸಂತೆಯ ಧರ್ಮವೆಂದರೆ ಧರ್ಮ. ಹುಡುಗ ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋಗಿ ಐದೂ ಬೆರಳು ಮಾವನ ಮುಷ್ಟಿಗೆ ಸಿಕ್ಕವು. ಮಾವ ಬೆಂಕಿ ಮುಟ್ಟಿದವನ ಹಾಗೆ ಹಿಂದೆ ಸರಿದ. "ಐವತ್ತಾ? ಫೋನಿನ್ಯಾಗ ಮೂವತ್ತೈದಂತ ಹೇಳಿ ಮನಿಗೆ ಬಂದಮ್ಯಾಲೆ ಐವತ್ತಾ?"

ತಾಯಿಗೆ ತಡೆಯಲಾಗಲಿಲ್ಲ. ಆಕೆಯ ಅಪ್ಪ ಸವಣೂರು ಕಡೆ ದನದ ದಲ್ಲಾಳಿಯಾಗಿದ್ದನಂತೆ. ಮೆಣಸಿನಕಾಯಿ ಬಿಟ್ಟು ಎದ್ದುಬಂದು, ಸೆರಗು ಬಿಗಿದು, ಮಗನ ಬೆನ್ನ ಹಿಂದೆ ನಿಂತಳು. "ಹುಚ್ಚ, ಕೈ ಜಗ್ಗಬಾರದು. ಅವರು ಎರಡು ಬಳ್ಳು ಹಿಡಿದಾರಲ್ಲ, ಅಂದ್ರ ಇಪ್ಪತ್ತ. ನೀ ಮೂರು ಹಿಡಿ, ಆಮ್ಯಾಲೆ ಬಿಟ್ಟು ಮತ್ತ ಎರಡು ಹಿಡಿ. ಮೂವತ್ತೆರಡ ಅಂತ ತಿಳೀತೈತಿ." ಗುಟ್ಟಿಗೆಂದು ಹೊದಿಸಿದ ಟವೆಲ್ಲಿನೊಳಗಿನ ಪ್ರತಿಯೊಂದು ಬೆರಳನ್ನೂ ಆಕೆ ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದಳು. ಮಾವ ನೊಂದ ದನಿಯಲ್ಲಿ, "ಅಕ್ಕಾರ, ಮುಸುಕ ಯಾಕ ಹಾಕಿದ್ದು ಮತ್ತ?" ಎಂದ. "ಹಾಕೂ ಪದ್ಧತಿಗೆ ಹಾಕೇರಿ, ನಡೀಲಿ" ಎಂದಳಾಕೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕೈಯೂರಿ ನಿಂತರು. ಇಪ್ಪತ್ತೆರಡು, ಮೂವತ್ತು, ಇಪ್ಪತ್ನಾಲ್ಕು. ಅಷ್ಟರಲ್ಲಿ ಹುಡುಗನಿಗೂ ರುಚಿ ಹತ್ತಿತ್ತು. ಕಣ್ಣು ಅರೆಮುಚ್ಚಿ, ಬಾಯಿ ಬಿಗಿದು, ಟವೆಲ್ಲಿನೊಳಗೆ ಏನೋ ಸೂಕ್ಷ್ಮ ಪ್ರಯೋಗ ಮಾಡಿದ. ಮಾವನ ಮುಖ ಅರಳಿತು. ಹುಡುಗ ಒಂದು ಬೆರಳನ್ನು ಅರ್ಧಕ್ಕೆ ಮಡಚಿದ್ದ. ಅದು ಯಾರೂ ಹೇಳಿಕೊಟ್ಟದ್ದಲ್ಲ, ರಕ್ತದಲ್ಲಿ ಬಂದದ್ದು! ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೆಣಸಿನಕಾಯಿಯ ಘಾಟೂ ಇದ್ದೀತು.

ಇಪ್ಪತ್ತಾರೂವರೆ ಸಾವಿರಕ್ಕೆ ಮುಗಿಯಿತು. ಹಗ್ಗ-ಮೂಗುದಾರ ಸಹಿತ ಕೊಡಬೇಕೆಂದು ಮಾವ ಪಟ್ಟು ಹಿಡಿದದ್ದರಿಂದ ಹೆಲ್ಮೆಟ್ಟೂ ನೀರಿನ ಬಾಟಲಿಯೂ ಬಂದವು. ಒಣಹಾಕಿದ್ದ ಪ್ಯಾಂಟನ್ನು ಮಾತ್ರ ತೆಗೆದುಕೊಂಡರು.

ಸವಣೂರಿನ ಸೊಸೈಟಿಗೆ ತುಳಿದುಕೊಂಡೇ ಹೋದೆ. ಗಾಳಿ ಕಡಿಮೆಯಾಗಿತ್ತು. ಪಂಕ್ಚರ್ ಅಂಗಡಿಯ ಪಂಪಿಗೂ ಈ ಸೈಕಲ್ಲಿನ ಸಣಕಲು ವಾಲ್ವಿಗೂ ಸಂಬಂಧವೇ ಕೂಡಲಿಲ್ಲ. ನಡುವೆ ಒಂದು ಹಿತ್ತಾಳೆಯ ತುಂಡು ಹಾಕಬೇಕು, ಅದು ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಅಷ್ಟೇ. ಅಲ್ಲಿಯ ತನಕ ದೊಡ್ಡಹುಣಸೆ ಮರಗಳ ಬುಡದಲ್ಲಿ ಕುಳಿತು ಸವಣೂರು ಖಾರಾ ತಿಂದೆ. ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಉರುಳಿತ್ತು, ಎತ್ತಿ ಮತ್ತೆ ನೆಟ್ಟಿದ್ದಾರೆ.

ಹಾನಗಲ್ಲ ತಾಲ್ಲೂಕಿನ ಊರೊಂದರ ಹತ್ತಿರ ಶಾಲೆ ಬಿಟ್ಟು ನಡೆದು ಬರುತ್ತಿದ್ದ ಹುಡುಗಿಯರು ನನ್ನನ್ನು ನಿಲ್ಲಿಸಿದರು. ಒಬ್ಬಳು ಕೇಳಿದಳು: "ಸರ್, ಇದು ಸರಕಾರದವರು ಕೊಟ್ಟದ್ದೇನ್ರಿ?" ಅಲ್ಲ ಎಂದೆ. "ನಮ್ಮ ಅಕ್ಕಗ ಎಂಟನೇತ್ತಾ ಇದ್ದಾಗ ಕೊಟ್ಟಿದ್ರು. ನಮಗ ಕೊಡಲಿಲ್ಲ." 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಬಂದ ಮೇಲೆ ನಿಂತಿತು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರು ಬೇಕಷ್ಟಿದ್ದವು. ನಟ್ಟು ಸಡಿಲ, ಬ್ರೇಕು ನಾಮಕಾವಾಸ್ತೆ. ಆದರೆ ಸ್ಟ್ಯಾಂಡಿತ್ತು, ಕ್ಯಾರಿಯರಿತ್ತು, ಕ್ಯಾರಿಯರಿನ ಮೇಲೆ ತಂಗಿಯೊಬ್ಬಳು ಕೂರುತ್ತಿದ್ದಳು. ಬಸ್ಸು ಬರದ ಊರಿನ ಹುಡುಗಿಯನ್ನು ಹತ್ತನೇತ್ತೆಯ ಬಾಗಿಲ ತನಕ ಮುಟ್ಟಿಸುತ್ತಿತ್ತು. ಅದನ್ನು ನಿಲ್ಲಿಸಿ ಯಾವ ಖಾತೆಯಲ್ಲಿ ಎಷ್ಟು ಉಳಿಸಿದರೋ, ಆ ಪುಸ್ತಕ ನನ್ನ ತಪಾಸಣೆಗೆ ಬರುವುದಿಲ್ಲ. "ಎಷ್ಟ್ ಬಿತ್ತ್ರಿ ಇದು?" ಎಂದು ಕೇಳಿದಳು. ವ್ಯಾಪಾರದ ವೀರಗಾಥೆಯನ್ನು ನಾಲ್ಕೂ ತಾಲ್ಲೂಕಿನಲ್ಲಿ ಬಣ್ಣಿಸಿ ಹೇಳಿದವನು ನಾನು. ಆಕೆಗೆ ಮಾತ್ರ, ಹಳೇದವ್ವಾ, ಒಬ್ಬರು ಕೊಟ್ಟರು ಎಂದು ಪೆಡಲ್ ಒತ್ತಿದೆ.

ಹಿರೇಕೆರೂರಿಗೆ ಹೋದಾಗ ಮಾವ ಸೈಕಲ್ಲನ್ನು ಕೊಟ್ಟಿಗೆಯಲ್ಲಿ ಹೋರಿಯ ಪಕ್ಕಕ್ಕೆ ಒರಗಿಸಿ, ಸ್ಪರ್ಧೆಯ ವಿಚಾರ ಕೇಳಿದ. ಸಣ್ಣದರಲ್ಲಿ ಕೈ ಪಳಗಿದ ಮೇಲೆ ಗೋವಾಕ್ಕೆ ಹೋಗುವ ಆಸೆ ಇದೆ, ಅಕ್ಟೋಬರ್-ನವೆಂಬರಿನಲ್ಲಿ ಇರುತ್ತದೆ ಎಂದೆ.

"ಪ್ರವೇಶ ಫೀ ಐತೇನು?"

"ಐತ್ರಿ. ಸೈಕಲ್ಲಿನ ರೇಟಿನಷ್ಟ ಹತ್ತಿರ ಹತ್ತಿರ ಬರ್ತೈತಿ."

ಮಾವ ಬೆರಗಾಗಲಿಲ್ಲ. ಹೋರಿ ಹಬ್ಬಕ್ಕೂ ಫೀ ಇದೆ. "ಗೆದ್ದರ ಏನ ಕೊಡ್ತಾರ? ಬೈಕಾ?"

"ಇಲ್ರಿ."

"ಬಂಗಾರ? ಫ್ರಿಜ್? ತಿಜೂರಿ?"

"ಪೂರ್ತಿ ಮುಗಿಸಿದವರಿಗೆಲ್ಲಾ ಒಂದೊಂದು ಪದಕ ಕೊಡ್ತಾರ್ರಿ."

"ಎಲ್ಲಾರಿಗೂ?" ಮಾವ ಹೋರಿಯ ಕಡೆ ನೋಡಿದ. ನಮ್ಮ ಅಖಾಡದಲ್ಲಿ ಇಂಥ ಅನ್ಯಾಯ ನಡೆಯುವುದಿಲ್ಲ. "ತಿಜೂರಿನೂ ಇಲ್ಲಂದ್ರ ಅಲ್ಲೀಮಟ ಯಾಕ ಹೊಂಟಿ? ಅದೂ ದೀಪಾವಳಿ ಹೊತ್ತಿನ್ಯಾಗ. ಇಲ್ಲೇ ಇರು. ಹೆಂಗೂ ದಿನಾ ಓಡಾಕತ್ತೀಯಲ್ಲ, ಈ ಸಲ ನಮ್ಮ ಹೋರಿ ಮುಂದ ಓಡಾಕ ಒಬ್ಬಾಂವ ಬೇಕಾಗ್ಯಾನ."